ರಾಜ್ಯವೊಂದು ಬೇರೆ ದೇಶವಾಗಿ ಬದುಕಬಲ್ಲುದೇ?

ನಮ್ಮ ವಾಚನಾಲಯದ ಉದ್ದ ಮೇಜಿನ ಬಳಿ ಸಂಜೆಯ ಹೊತ್ತು ಪತ್ರಿಕೆ ಓದುವವರೆಷ್ಟೋ ಓದಿದ್ದರ ಮೇಲೆ ವಾದಿಸುವವರೂ ಅಷ್ಟೇ. ಕೆಲವು ದಿನಗಳ ಕೆಳಗೆ ತೆರಿಗೆಯ ಪಾಲಿನ ಸುದ್ದಿಯೊಂದನ್ನು ಓದಿದ ತರುಣ ಸದಸ್ಯರೊಬ್ಬರು, "ಕೊಡುವುದು ಅಷ್ಟು, ಹಿಂದಕ್ಕೆ ಬರುವುದು ಇಷ್ಟು. ಒಂದು ರಾಜ್ಯ ತನ್ನ ಪಾಡಿಗೆ ತಾನು ಬೇರೆ ದೇಶವಾಗಿಬಿಟ್ಟರೆ ಏನಾದೀತು? ನಮ್ಮ ರಾಜ್ಯಗಳಿಗಿಂತ ಎಷ್ಟೋ ಸಣ್ಣ ದೇಶಗಳು ಲೋಕದಲ್ಲಿ ಬದುಕಿಲ್ಲವೇ?" ಎಂದು ಕೇಳಿದರು. ಹಿರಿಯರೊಬ್ಬರು, "ಅದೆಲ್ಲ ಆಡುವ ಮಾತಲ್ಲ" ಎಂದು ಅವರ ಬಾಯಿ ಮುಚ್ಚಿಸಿದರು. ನಮಗೆ ಆ ಉತ್ತರ ಸಾಲದೆನಿಸಿತು. ಗದರಿಸಿದರೆ ಕೇಳಿದವನು ಸುಮ್ಮನಾದಾನು, ಪ್ರಶ್ನೆ ಸುಮ್ಮನಾಗದು. ಆದುದರಿಂದ ಲೋಕದಲ್ಲಿ ನಿಜವಾಗಿ ನಡೆದದ್ದೇನೆಂದು ನೋಡಿ, ಅದರಿಂದಲೇ ಉತ್ತರವನ್ನು ಹುಡುಕೋಣ.

ಕೂಡಿದ ಮನೆ ಪಾಲಾಗುವುದನ್ನು ಊರಿನಲ್ಲಿ ಕಂಡವರೇ ನಾವೆಲ್ಲ. ಹೊಲವನ್ನು ಅಳೆದು ಹಂಚಬಹುದು, ಪಾತ್ರೆಗಳನ್ನು ಎಣಿಸಿ ಹಂಚಬಹುದು. ಜಗಳವೆಲ್ಲ ಹಂಚಲಾಗದ ವಸ್ತುಗಳ ಮೇಲೆ. ಇರುವ ಒಂದು ಬಾವಿ ಯಾರ ಪಾಲಿಗೆ? ಹೊಲಕ್ಕೆ ಹೋಗುವ ಬಂಡಿಯ ದಾರಿ ಯಾರದು? ಹಳೆಯ ಸಾಲಕ್ಕೆ ಹೊಣೆ ಯಾರು? ಅಣ್ಣ ಒಪ್ಪಿ ಪಾಲು ಕೊಟ್ಟರೆ ತಮ್ಮ ಎರಡೆಕರೆಯಲ್ಲಿಯೂ ಬಾಳಿಯಾನು. ಒಪ್ಪದೆ ದಾರಿಗೆ ಬೇಲಿ ಹಾಕಿದರೆ ಇಪ್ಪತ್ತೆಕರೆಯಿದ್ದರೂ ಕಷ್ಟವೇ. ದೇಶಗಳ ವಿಷಯವೂ ಇದಕ್ಕಿಂತ ಬಹಳ ಬೇರೆಯಲ್ಲ ಎಂಬುದಕ್ಕೆ ಒಂದೇ ಕಾಲದ ಎರಡು ಉದಾಹರಣೆಗಳಿವೆ. ಒಂದು ಸಿಂಗಪುರ, ಇನ್ನೊಂದು ಬಿಯಾಫ್ರಾ. ಮೊದಲನೆಯದರ ಹೆಸರನ್ನು ಎಲ್ಲರೂ ಬಲ್ಲರು. ಎರಡನೆಯದು ಇಂದಿನ ನಕ್ಷೆಯಲ್ಲಿ ದೇಶವಾಗಿ ಎಲ್ಲಿಯೂ ಇಲ್ಲ.

ಇಂದು ಸಿರಿವಂತರ ಸಾಲಿನಲ್ಲಿ ಕುಳಿತಿರುವ ಸಿಂಗಪುರವು ಒಂದು ಕಾಲಕ್ಕೆ ಮಲೇಷ್ಯಾ ಒಕ್ಕೂಟದ ಒಂದು ರಾಜ್ಯವಾಗಿತ್ತು. ೧೯೬೩ನೆಯ ಸೆಪ್ಟೆಂಬರ್ ೧೬ರಂದು ಮಲಯಾ, ಸಿಂಗಪುರ, ಸಾರಾವಾಕ್ ಮತ್ತು ಸಬಾ ಪ್ರಾಂತಗಳು ಕೂಡಿ ಮಲೇಷ್ಯಾ ಆಯಿತು. ಈ ಕೂಡಿಕೆಯನ್ನು ಸಿಂಗಪುರದ ನಾಯಕರೇ ಬಯಸಿ ಪಡೆದಿದ್ದರು. ಪುಟ್ಟ ದ್ವೀಪವೊಂದು ತಾನೊಂದೇ ಬದುಕಲಾರದೆಂಬುದು ಅವರ ಗಟ್ಟಿ ನಂಬಿಕೆಯಾಗಿತ್ತು. ಆದರೆ ಕೂಡಿಕೆ ಎರಡು ವರ್ಷವೂ ಬಾಳಲಿಲ್ಲ. ತೆರಿಗೆಯಲ್ಲಿ ಕೇಂದ್ರಕ್ಕೆಷ್ಟು, ರಾಜ್ಯಕ್ಕೆಷ್ಟು ಎಂಬ ಜಗಳ. ಮಾತುಕೊಟ್ಟಿದ್ದ ಸಾಮಾನ್ಯ ಮಾರುಕಟ್ಟೆ ಜಾರಿಗೆ ಬಾರದ ಜಗಳ. ಮಲಯರಿಗೆ ವಿಶೇಷ ಹಕ್ಕಿರಬೇಕೋ, ಎಲ್ಲ ಜನಾಂಗದವರೂ ಸಮಾನರೋ ಎಂಬ, ಇವೆರಡಕ್ಕಿಂತ ಆಳವಾದ ಜಗಳ. ೧೯೬೪ರಲ್ಲಿ ಸಿಂಗಪುರದ ಬೀದಿಗಳಲ್ಲಿ ಚೀನೀಯರಿಗೂ ಮಲಯರಿಗೂ ಎರಡು ಬಾರಿ ದಂಗೆಯಾಗಿ ಜನ ಸತ್ತರು.

೧೯೬೫ನೆಯ ಆಗಸ್ಟ್ ೯ರಂದು ಕೌಲಾಲಂಪುರದ ಪಾರ್ಲಿಮೆಂಟು ಸಿಂಗಪುರವನ್ನು ಬೇರೆ ಮಾಡುವ ಮಸೂದೆಯನ್ನು ೧೨೬ ಮತಗಳಿಂದ, ವಿರುದ್ಧ ಒಂದು ಮತವೂ ಇಲ್ಲದೆ, ಒಪ್ಪಿತು. ಪ್ರಧಾನಿ ಟುಂಕು ಅಬ್ದುಲ್ ರಹಮಾನರು ಸಿಂಗಪುರವನ್ನು ಹೊರಗೆ ಹಾಕಿದರೆಂದೇ ಲೋಕ ಬಹುಕಾಲ ನಂಬಿತ್ತು. ಅದಕ್ಕೆ ಹಿಂದಿನ ತಿಂಗಳು ಸಿಂಗಪುರದ ಹಣಕಾಸಿನ ಮಂತ್ರಿ ಗೋ ಕೆಂಗ್ ಸ್ವೀ ಅವರು ಮಲೇಷ್ಯಾದ ಉಪಪ್ರಧಾನಿ ರಜಾಕರೊಡನೆ ಗುಟ್ಟಾಗಿ ಕುಳಿತು ಈ ಪಾಲನ್ನು ಮಾತಾಡಿ ಮುಗಿಸಿದ್ದರೆಂಬುದು ಆಮೇಲೆ ಬೆಳಕಿಗೆ ಬಂದಿತು. ಹಾಗಿದ್ದರೂ ಆ ದಿನ ಸಿಂಗಪುರದ ಪ್ರಧಾನಿ ಲೀ ಕ್ವಾನ್ ಯೂ ಅವರು ಟೆಲಿವಿಷನ್ ಎದುರಿನಲ್ಲಿಯೇ ಕಣ್ಣೀರಿಟ್ಟರು.

ಅಳುವುದಕ್ಕೆ ಕಾರಣವಿತ್ತು. ಸುಮಾರು ೫೮೦ ಚದರ ಕಿಲೋಮೀಟರಿನ ನೆಲ, ೧೯ ಲಕ್ಷದಷ್ಟು ಜನ. ಗಣಿಯಿಲ್ಲ, ಹೇಳಿಕೊಳ್ಳುವಂಥ ಬೇಸಾಯವಿಲ್ಲ. ಕುಡಿಯುವ ನೀರಿನ ಬಹುಭಾಗ ಮಲೇಷ್ಯಾದ ಜೊಹೋರ್ ರಾಜ್ಯದಿಂದ, ಜಲಸಂಧಿಯ ಸೇತುದಾರಿಯ ಮೇಲೆ ಹಾಯ್ದ ಕೊಳವೆಯಲ್ಲಿ ಬರುತ್ತಿತ್ತು. ಸೈನ್ಯವೆಂದರೆ ಎರಡು ಪದಾತಿ ಪಡೆಗಳು. ಅವುಗಳಲ್ಲಿಯೂ ಮಲೇಷ್ಯಾದ ಕಡೆಯ ಸಿಪಾಯಿಗಳು ಬಹುಮಂದಿ. ಪಕ್ಕದ ಇಂಡೋನೇಷ್ಯಾ ಆಗ ಹಗೆ ಸಾಧಿಸುತ್ತಿದ್ದುದರಿಂದ ಅತ್ತಲಿನ ವ್ಯಾಪಾರ ಕುಸಿದಿತ್ತು. ಇಂಥ ದ್ವೀಪ ಹೇಗೆ ಉಳಿಯಿತು?

ಮೊದಲನೆಯ ಕಾರಣ, ಅದು ಒಪ್ಪಿಗೆಯಿಂದ ಬೇರೆಯಾಯಿತು. ಬಿಟ್ಟುಕೊಟ್ಟವನೇ ಮೊದಲು ಮಾನ್ಯ ಮಾಡಿದ ಮೇಲೆ ಲೋಕದ ಉಳಿದ ದೇಶಗಳಿಗೆ ಅಡ್ಡಿಯೇನು? ಆರು ವಾರಗಳಲ್ಲಿ, ಸೆಪ್ಟೆಂಬರ್ ೨೧ರಂದು, ಸಿಂಗಪುರ ವಿಶ್ವಸಂಸ್ಥೆಯ ಸದಸ್ಯನಾಯಿತು. ಮಾನ್ಯತೆಯೆಂಬುದು ಬರಿಯ ಮರ್ಯಾದೆಯಲ್ಲ. ಅದಿಲ್ಲದ ದೇಶದ ಪಾಸ್‌ಪೋರ್ಟನ್ನು ಹೊರಗಿನವರು ಒಪ್ಪುವುದಿಲ್ಲ, ಅದಕ್ಕೆ ಬ್ಯಾಂಕುಗಳು ಸಾಲ ಕೊಡಲು ಹಿಂಜರಿಯುತ್ತವೆ, ಅದರ ಹಡಗಿಗೆ ವಿಮೆ ಸಿಗುವುದು ಕಷ್ಟ.

ಎರಡನೆಯದು ಬಾವಿಯ ಮಾತು. ೧೯೬೧ರಲ್ಲಿಯೂ ೧೯೬೨ರಲ್ಲಿಯೂ ಜೊಹೋರಿನೊಡನೆ ಆಗಿದ್ದ ನೀರಿನ ಕರಾರುಗಳನ್ನು ಪಾಲುಪತ್ರದಲ್ಲಿಯೇ ಸೇರಿಸಿ ಮಲೇಷ್ಯಾ ಸರ್ಕಾರ ಹೊಣೆ ಹೊತ್ತಿತು. ಎರಡನೆಯ ಕರಾರು ೨೦೬೧ರ ವರೆಗೆ ಇದೆ. ಅದರಂತೆ ದಿನಕ್ಕೆ ೨೫ ಕೋಟಿ ಗ್ಯಾಲನ್ ನೀರನ್ನು ಎತ್ತಬಹುದು. ನೀರಿನ ಬೆಲೆಯ ಮೇಲೆ ಎರಡು ದೇಶಗಳಿಗೂ ಎಷ್ಟೋ ಸಲ ಮಾತು ಬೆಳೆದರೂ ಕೊಳವೆ ಹರಿಯುತ್ತಲೇ ಇದೆ. ಆದರೂ ಸಿಂಗಪುರ ನಿಶ್ಚಿಂತವಾಗಿ ಕೂರಲಿಲ್ಲ. ಮಳೆನೀರಿಗೆ ಜಲಾಶಯ ಕಟ್ಟಿತು, ಬಳಸಿದ ನೀರನ್ನು ಮತ್ತೆ ಶುದ್ಧಮಾಡಿತು, ಸಮುದ್ರದ ಉಪ್ಪುನೀರನ್ನೂ ಸಿಹಿ ಮಾಡಿತು.

ಮೂರನೆಯದು ಕಾಲಾವಕಾಶ. ಬ್ರಿಟಿಷರ ಸೈನ್ಯದ ನೆಲೆಗಳು ಇನ್ನೂ ಅಲ್ಲಿದ್ದವು. ದೇಶದ ಆದಾಯದಲ್ಲಿ ಐದರಲ್ಲೊಂದು ಪಾಲು ಅವುಗಳಿಂದಲೇ ಬರುತ್ತಿತ್ತೆನ್ನುತ್ತಾರೆ. ೧೯೬೮ರಲ್ಲಿ ಬ್ರಿಟಿಷರು ಹೊರಡುವುದಾಗಿ ಹೇಳಿ ೧೯೭೧ರ ಕೊನೆಗೆ ಹೊರಟರು. ಆ ಆರು ವರ್ಷ ಹೊಸ ದೇಶಕ್ಕೆ ಹಗೆಯ ಭಯವಿಲ್ಲದೆ ಉಸಿರಾಡಲು ಸಿಕ್ಕಿತು. ನೌಕಾನೆಲೆಯ ಹಡಗುಕಟ್ಟೆ ವ್ಯಾಪಾರದ ಹಡಗುಗಳನ್ನು ರಿಪೇರಿ ಮಾಡುವ ಕಾರ್ಖಾನೆಯಾಯಿತು.

ನಾಲ್ಕನೆಯದು ಮೊದಲೇ ಇದ್ದ ವ್ಯವಸ್ಥೆ. ದೊಡ್ಡ ಬಂದರು ನೂರು ವರ್ಷಕ್ಕೂ ಹಳೆಯದು. ನೌಕರರ ಪ್ರಾವಿಡೆಂಟ್ ಫಂಡು ೧೯೫೫ರಿಂದ, ಮನೆ ಕಟ್ಟುವ ಮಂಡಳಿ ೧೯೬೦ರಿಂದ, ಕೈಗಾರಿಕೆ ಬೆಳೆಸುವ ಮಂಡಳಿ ೧೯೬೧ರಿಂದ ನಡೆದಿದ್ದವು. ಬೇರೆಯಾದ ಮೇಲೆ ಒಲೆ ಹೂಡಿದವರಲ್ಲ ಅವರು. ಒಲೆ ಉರಿಯುತ್ತಿದ್ದಾಗಲೇ ಬೇರೆಯಾದರು.

ಇಷ್ಟೆಲ್ಲ ಅನುಕೂಲವಿದ್ದೂ ಬೆಲೆ ತೆತ್ತವರು ಯಾರೆಂದು ಕೇಳಬೇಕು. ಜೊಹೋರಿನಿಂದ ದಿನವೂ ಬಂದು ದುಡಿಯುತ್ತಿದ್ದವರು, ಪಿನಾಂಗಿನಿಂದಲೋ ಮಲಕ್ಕಾದಿಂದಲೋ ಬಂದು ಸಿಂಗಪುರದಲ್ಲಿ ಗುಮಾಸ್ತರಾಗಿದ್ದವರು ಒಂದು ಸೋಮವಾರ ಬೆಳಿಗ್ಗೆ ಇದ್ದಲ್ಲಿಯೇ ಪರದೇಶಿಗಳಾದರು. ಸ್ವಲ್ಪ ಕಾಲದಲ್ಲಿಯೇ ಪೌರರಲ್ಲದವರು ದುಡಿಯಲು ಪರವಾನಗಿ ಬೇಕೆಂದಾಯಿತು. ೧೯೬೭ರಿಂದ ಸೇತುದಾರಿಯ ಮೇಲೆ ಪಾಸ್‌ಪೋರ್ಟ್ ನೋಡುವವರು ನಿಂತರು. ಅದೇ ವರ್ಷ ಜೂನಿನಲ್ಲಿ ಎರಡು ಕಡೆಯ ನಾಣ್ಯವೂ ಬೇರೆಯಾಯಿತು. ಮಂತ್ರಿಗಳಿಗೂ ಇದು ತಪ್ಪಲಿಲ್ಲ. ಗೋ ಕೆಂಗ್ ಸ್ವೀ ಹುಟ್ಟಿದ್ದು ಮಲಕ್ಕಾದಲ್ಲಿ. ಉಪಪ್ರಧಾನಿ ಟೋ ಚಿನ್ ಚಾಯ್ ಪೆರಾಕಿನವರು. ರಾಜರತ್ನಂ ಬೆಳೆದದ್ದು ಸೆರೆಂಬಾನಿನಲ್ಲಿ. ಟೋ ಅವರೂ ರಾಜರತ್ನಂ ಅವರೂ ಪಾಲುಪತ್ರಕ್ಕೆ ಸಹಿ ಹಾಕಲು ಬಹಳ ಹಿಂಜರಿದರು. ತಂದೆತಾಯಿಯರ ಊರು ಪರದೇಶವಾಗುವ ಕಾಗದಕ್ಕೆ ಸಹಿ ಹಾಕಲು ಯಾರ ಕೈ ನಡುಗದು?

ಇನ್ನು ಬಿಯಾಫ್ರಾ. ಆಫ್ರಿಕದ ನೈಜೀರಿಯಾ ೧೯೬೦ರಲ್ಲಿ ಸ್ವತಂತ್ರವಾದಾಗ ಉತ್ತರ, ಪಶ್ಚಿಮ, ಪೂರ್ವ ಎಂದು ಮೂರು ಪ್ರಾಂತಗಳಿದ್ದವು. ಪೂರ್ವಪ್ರಾಂತದಲ್ಲಿ ಇಗ್ಬೋ ಜನ ಹೆಚ್ಚು. ನೆಲ ಕಡಿಮೆ, ಜನ ಹೆಚ್ಚು, ಶಾಲೆಯ ಮೇಲೆ ಆಸೆ ಹೆಚ್ಚು. ಆದುದರಿಂದ ಇಗ್ಬೋ ತರುಣರು ಓದು ಮುಗಿಸಿ ಉತ್ತರದ ಊರುಗಳಿಗೆ ಹೋದರು. ರೈಲ್ವೆಯಲ್ಲಿ, ಅಂಚೆಯಲ್ಲಿ, ಬ್ಯಾಂಕಿನಲ್ಲಿ, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾದರು. ಕಾನೋ ಮುಂತಾದ ಊರುಗಳಲ್ಲಿ ಹೊರಗಿನಿಂದ ಬಂದವರ ಕೇರಿಗೆ ಸಬೋನ್ ಗರಿ, ಎಂದರೆ ಹೊಸ ಊರು, ಎಂದು ಹೆಸರು. ಅಲ್ಲಿಂದ ಅವರು ಮನೆಗೆ ದುಡ್ಡು ಕಳಿಸುತ್ತಿದ್ದರು, ತಮ್ಮ ಊರಿನವರ ಸಂಘ ಕಟ್ಟಿಕೊಂಡಿದ್ದರು. ಓದುತ್ತ ಹೋದಂತೆ ನಮ್ಮದೇ ಕಥೆ ಓದಿದಂತಾಗುತ್ತದೆ.

೧೯೬೬ರ ಜನವರಿಯಲ್ಲಿ ಕೆಲವು ಸೈನ್ಯಾಧಿಕಾರಿಗಳು ದಂಗೆಯೆದ್ದು ಉತ್ತರದ ನಾಯಕರನ್ನು ಕೊಂದರು. ದಂಗೆಯೆದ್ದವರಲ್ಲಿ ಇಗ್ಬೋಗಳು ಹೆಚ್ಚಾಗಿದ್ದುದರಿಂದ ಉತ್ತರದವರ ಸಿಟ್ಟು ಆ ಜನರ ಮೇಲೆಲ್ಲ ತಿರುಗಿತು. ಆ ವರ್ಷದ ಮೇ ತಿಂಗಳಲ್ಲಿಯೂ, ಮತ್ತೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿಯೂ ಉತ್ತರದ ಊರುಗಳಲ್ಲಿ ಸಾವಿರಾರು ಮಂದಿ ಇಗ್ಬೋಗಳ ಕೊಲೆಯಾಯಿತು. ರಾಜಕೀಯವನ್ನೇ ಅರಿಯದ ಗುಮಾಸ್ತರು, ಗಾಡಿಯವರು, ಅಂಗಡಿಯವರು, ಅವರ ಹೆಂಡಿರು ಮಕ್ಕಳು. ಉಳಿದವರು ರೈಲು ಹತ್ತಿ ಪೂರ್ವಕ್ಕೆ ಓಡಿದರು. ಹೀಗೆ ಹಿಂದಿರುಗಿದವರು ಹತ್ತು ಲಕ್ಷಕ್ಕೂ ಮೀರಿದರು. ಬೇರೆಯಾಗಬೇಕೆಂಬ ಕೂಗು ಹುಟ್ಟಿದ್ದು ಈ ನೋವಿನಿಂದ. ಅದನ್ನು ಬರಿಯ ಹಠವೆಂದರೆ ನ್ಯಾಯವಾಗದು.

೧೯೬೭ನೆಯ ಮೇ ೨೭ರಂದು ಕೇಂದ್ರದ ಗೋವನ್ ಸರ್ಕಾರ ದೇಶವನ್ನು ಹನ್ನೆರಡು ರಾಜ್ಯಗಳಾಗಿ ವಿಂಗಡಿಸಿತು. ಪೂರ್ವಪ್ರಾಂತ ಮೂರು ಹೋಳಾಯಿತು. ಮೂರು ದಿನಗಳ ಮೇಲೆ, ಮೇ ೩೦ರಂದು, ಪೂರ್ವದ ಅಧಿಕಾರಿ ಒಜುಕ್ವು ಅವರು ಬಿಯಾಫ್ರಾ ಎಂಬ ಸ್ವತಂತ್ರ ದೇಶವನ್ನು ಸಾರಿದರು. ಲೆಕ್ಕ ಹಾಕಿ ನೋಡಿದರೆ ಅದು ಸಿಂಗಪುರಕ್ಕಿಂತ ಎಷ್ಟೋ ಬಲವಾದ ದೇಶ. ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ, ನೆಲದಡಿ ಪೆಟ್ರೋಲಿಯಂ, ಪೋರ್ಟ್ ಹಾರ್ಕೋರ್ಟಿನಂಥ ಬಂದರು, ಕಲಿತ ಗುಮಾಸ್ತರು, ಇಂಜಿನಿಯರರು, ವೈದ್ಯರು. ಇಲ್ಲದಿದ್ದುದು ಒಂದೇ: ಅಣ್ಣನ ಒಪ್ಪಿಗೆ.

ಜುಲೈನಲ್ಲಿ ಯುದ್ಧ ಹೂಡಿತು. ಕೇಂದ್ರದವರು ಸಮುದ್ರದ ದಾರಿಯನ್ನು ಕಟ್ಟಿದರು. ಎಣ್ಣೆಯಿರುವ ಕರಾವಳಿಯ ಇಜಾ, ಎಫಿಕ್ ಮುಂತಾದ ಜನಗಳು ಇಗ್ಬೋಗಳಲ್ಲ. ಹೊಸ ದೇಶ ತಮ್ಮದೆಂಬ ಭಾವನೆ ಅವರಲ್ಲಿ ಹಲವರಿಗೆ ಬರಲಿಲ್ಲ. ಬೇರೆಯಾಗುವ ರಾಜ್ಯದೊಳಗೂ ಅಲ್ಪಸಂಖ್ಯಾತರಿರುತ್ತಾರೆ, ಅವರೂ ಅದೇ ಪ್ರಶ್ನೆಯನ್ನು ಕೇಳುತ್ತಾರೆ ಎಂಬುದನ್ನು ಮರೆಯಲಾಗದು. ೧೯೬೮ರ ಜನವರಿಯಲ್ಲಿ ನೈಜೀರಿಯಾ ತನ್ನ ನೋಟುಗಳನ್ನೇ ಬದಲಾಯಿಸಿತು. ಬಿಯಾಫ್ರಾದವರ ಕೈಯಲ್ಲಿದ್ದ ಹಳೆಯ ನೋಟು ಹೊರಗೆ ಏನನ್ನೂ ಕೊಳ್ಳದ ಕಾಗದವಾಯಿತು. ಮೇ ತಿಂಗಳಿಗೆ ಪೋರ್ಟ್ ಹಾರ್ಕೋರ್ಟು ಕೈಬಿಟ್ಟಿತು. ಅಲ್ಲಿಂದ ಮುಂದೆ ಸಮುದ್ರವೇ ಇಲ್ಲದ ದೇಶಕ್ಕೆ ರಾತ್ರಿ ವಿಮಾನಗಳು ತಂದಷ್ಟೇ ಅನ್ನ. ಟಾಂಜಾನಿಯಾ, ಗಬಾನ್, ಐವರಿ ಕೋಸ್ಟ್, ಜಾಂಬಿಯಾ, ಹೈಟಿ ಈ ಐದು ದೇಶಗಳು ಮಾತ್ರ ಅದನ್ನು ಮಾನ್ಯ ಮಾಡಿದವು. ಉಳಿದ ಆಫ್ರಿಕದವರು, ಒಂದು ಗಡಿ ಕದಲಿದರೆ ಎಲ್ಲರ ಗಡಿಯೂ ಕದಲೀತೆಂದು ಹೆದರಿದರು. ೧೯೭೦ನೆಯ ಜನವರಿ ೧೫ರಂದು ಬಿಯಾಫ್ರಾ ಶರಣಾಯಿತು. ಸತ್ತವರು ಹತ್ತು ಲಕ್ಷವೆಂದೂ ಅದಕ್ಕೂ ಹೆಚ್ಚೆಂದೂ ಅಂದಾಜು. ಹಸಿವಿನಿಂದ ಸತ್ತವರೇ ಅಧಿಕ, ಅವರಲ್ಲಿಯೂ ಮಕ್ಕಳೇ ಅಧಿಕ.

ಗೆದ್ದವರೂ ಇಲ್ಲ, ಸೋತವರೂ ಇಲ್ಲ ಎಂದು ಗೋವನ್ ಅವರು ಹೇಳಿದರು. ಎಷ್ಟೋ ಇಗ್ಬೋ ನೌಕರರು ಹಳೆಯ ಕಚೇರಿಗಳಿಗೆ ಹಿಂದಿರುಗಿದುದೂ ನಿಜ. ಆದರೆ ಯುದ್ಧಕಾಲದಲ್ಲಿ ಖಾತೆ ನಡೆಸಿದವರಿಗೆ, ಬ್ಯಾಂಕಿನಲ್ಲಿ ಎಷ್ಟೇ ಇದ್ದಿರಲಿ, ತಲೆಗೆ ಇಪ್ಪತ್ತು ಪೌಂಡು ಮಾತ್ರ ಕೊಟ್ಟರು. ಪೋರ್ಟ್ ಹಾರ್ಕೋರ್ಟಿನಲ್ಲಿ ಅವರು ಕಟ್ಟಿಸಿದ್ದ ಮನೆಗಳನ್ನು ಬಿಟ್ಟುಹೋದ ಆಸ್ತಿಯೆಂದು ಬರೆದುಕೊಂಡರು. ಇಪ್ಪತ್ತು ವರ್ಷ ದುಡಿದು ಕೂಡಿಟ್ಟವನಿಗೂ ಇಪ್ಪತ್ತು ಪೌಂಡು. ಪಾಸ್‌ಬುಕ್ಕನ್ನು ಪೆಟ್ಟಿಗೆಯ ತಳದಲ್ಲಿ ಜೋಪಾನವಾಗಿಡುವ ನಮ್ಮಂಥವರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಒಪ್ಪಿಗೆಯೊಂದಿದ್ದರೆ ಸಾಕೇ ಎಂದು ಕೆಲವರು ಕೇಳಿಯಾರು. ಸಾಲದು. ಇತ್ತೀಚಿನ ದಕ್ಷಿಣ ಸುಡಾನನ್ನು ನೋಡಿ. ದೀರ್ಘ ಯುದ್ಧದ ಮೇಲೆ ಒಪ್ಪಂದವಾಗಿ, ೨೦೧೧ರ ಜನವರಿಯಲ್ಲಿ ಜನಮತ ತೆಗೆದುಕೊಂಡಾಗ ನೂರಕ್ಕೆ ೯೮ಕ್ಕೂ ಹೆಚ್ಚು ಮಂದಿ ಬೇರೆಯಾಗಲು ಮತ ಕೊಟ್ಟರು. ಜುಲೈ ೯ರಂದು ದೇಶ ಹುಟ್ಟಿತು, ವಿಶ್ವಸಂಸ್ಥೆ ಕೂಡಲೇ ಸೇರಿಸಿಕೊಂಡಿತು. ಹಳೆಯ ದೇಶದ ಎಣ್ಣೆಯ ಮುಕ್ಕಾಲು ಪಾಲು ಅವರ ನೆಲದಲ್ಲಿ. ಆದರೆ ಅದನ್ನು ಸಮುದ್ರಕ್ಕೆ ಒಯ್ಯುವ ಕೊಳವೆ ಸುಡಾನಿನ ನೆಲದಲ್ಲಿ! ಕೊಳವೆಯ ಬಾಡಿಗೆಯ ಜಗಳ ಹತ್ತಿ ೨೦೧೨ರ ಜನವರಿಯಲ್ಲಿ ಅವರು ಎಣ್ಣೆ ತೆಗೆಯುವುದನ್ನೇ ನಿಲ್ಲಿಸಿ ಬೊಕ್ಕಸ ಬರಿದು ಮಾಡಿಕೊಂಡರು. ೨೦೧೩ರ ಡಿಸೆಂಬರಿನಲ್ಲಿ ಅವರವರೊಳಗೇ ಯುದ್ಧ ಹತ್ತಿತು. ಇತ್ತ ಖಾರ್ಟೂಮಿನಲ್ಲಿ ದಶಕಗಳಿಂದ ದುಡಿಯುತ್ತಿದ್ದ ದಕ್ಷಿಣದವರಿಗೆ ೨೦೧೨ರ ಏಪ್ರಿಲ್ ೮ರ ಒಳಗೆ ಕಾಗದಪತ್ರ ಮಾಡಿಸಿಕೊಳ್ಳಿ, ಇಲ್ಲವೇ ಹೊರಡಿ ಎಂದು ಗಡುವು ಬಂದಿತು. ಬಾವಿ ಇದ್ದೂ ದಾರಿಯಿಲ್ಲದ ಪಾಲು ಇದು. ಒಲೆ ಹೂಡುವ ಮೊದಲೇ ಬೇರೆಯಾದ ಮನೆಯೂ ಹೌದು.

ಈಗ ತರುಣ ಸದಸ್ಯರ ಪ್ರಶ್ನೆಗೆ ನಮ್ಮ ಉತ್ತರವನ್ನು ಹೇಳಬಹುದು. ರಾಜ್ಯವೊಂದು ಬೇರೆ ದೇಶವಾಗಿ ಬದುಕಬಲ್ಲುದೇ ಎಂದರೆ, ಬದುಕಬಲ್ಲುದು. ಆದರೆ ಅದನ್ನು ಅದರ ಹಿರಿಮೆಯಾಗಲಿ ಸಿರಿಯಾಗಲಿ ತೀರ್ಮಾನಿಸುವುದಿಲ್ಲ. ಯಾರನ್ನು ಬಿಟ್ಟು ಹೊರಟಿತೋ ಅವರ ಒಪ್ಪಿಗೆ ಮೊದಲು; ನೀರು, ದಾರಿ, ನಾಣ್ಯಗಳ ಕರಾರು ಆಮೇಲೆ; ಮನೆಯೊಳಗಿನ ಒಗ್ಗಟ್ಟೂ ನಡೆಯುತ್ತಿರುವ ಕಚೇರಿಗಳೂ ಅದರ ಮೇಲೆ. ತೆರಿಗೆಯ ಲೆಕ್ಕದ ಪುಸ್ತಕದಲ್ಲಿ ಇವು ಯಾವುವೂ ಬರೆದಿರುವುದಿಲ್ಲ. ಎಲ್ಲವೂ ಸರಿಹೋದ ಕಡೆಯಲ್ಲಿಯೂ ಗಡಿಯ ಆಚೆ ದುಡಿಯುವವನು ಪರದೇಶಿಯಾಗುತ್ತಾನೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಇಲ್ಲಿ ಆ ಕೂಸು ನಮ್ಮಂಥವನು.

ನಮ್ಮ ದೇಶದ ಕಾನೂನು ಈ ಬಾಗಿಲನ್ನು ತೆರೆದಿಟ್ಟಿಲ್ಲ. ಸಂವಿಧಾನದ ಮೊದಲನೆಯ ವಿಧಿ ಭಾರತವನ್ನು ರಾಜ್ಯಗಳ ಒಕ್ಕೂಟವೆಂದು ಕರೆಯುತ್ತದೆ. ರಾಜ್ಯಗಳು ಕರಾರು ಮಾಡಿಕೊಂಡು ಕೂಡಿದ್ದಲ್ಲವಾದ್ದರಿಂದ ಬಿಟ್ಟುಹೋಗುವ ಹಕ್ಕೂ ಅವಕ್ಕಿಲ್ಲವೆಂದು ೧೯೪೮ನೆಯ ನವೆಂಬರ್ ೪ರಂದು ಸಂವಿಧಾನ ಸಭೆಯಲ್ಲಿ ಡಾಕ್ಟರ್ ಅಂಬೇಡ್ಕರರು ವಿವರಿಸಿದರು. ಆದರೆ ಬಾಗಿಲು ಮುಚ್ಚಿದೆಯೆಂದರೆ ಬಾಯಿಯೂ ಮುಚ್ಚಿದೆಯೆಂದಲ್ಲ. ಮದರಾಸಿನಲ್ಲಿ ಬೇರೆ ದ್ರಾವಿಡನಾಡನ್ನು ಕೇಳುತ್ತಿದ್ದ ಅಣ್ಣಾದುರೈ ಅವರ ಪಕ್ಷ ೧೯೬೩ರಲ್ಲಿ ಆ ಬೇಡಿಕೆಯನ್ನು ಬಿಟ್ಟಿತು. ೧೯೬೭ರಲ್ಲಿ ಚುನಾವಣೆ ಗೆದ್ದು, ತನಗೆ ಬೇಕಾದ ಭಾಷಾನೀತಿಯನ್ನೂ ರಾಜ್ಯಕ್ಕೆ ತಮಿಳುನಾಡೆಂಬ ಹೆಸರನ್ನೂ ಒಕ್ಕೂಟದ ಒಳಗಿದ್ದೇ ಪಡೆಯಿತು. ಮುಂಬಯಿ, ಹೈದರಾಬಾದು, ಮದರಾಸು, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದ ಕನ್ನಡ ಜಿಲ್ಲೆಗಳು ೧೯೫೬ರ ನವೆಂಬರ್ ೧ರಂದು ಒಂದಾದುದೂ ಹೀಗೆಯೇ. ತೆರಿಗೆಯ ಪಾಲು ಸಾಲದೆಂದು ೨೦೨೪ರ ಫೆಬ್ರವರಿಯಲ್ಲಿ ಕರ್ನಾಟಕದ ಮಂತ್ರಿಗಳೇ ದೆಹಲಿಯ ಜಂತರ್ ಮಂತರಿನಲ್ಲಿ ಧರಣಿ ಕುಳಿತರು. ಪಾಲು ಹೆಚ್ಚಬೇಕೇ ಬೇಡವೇ ಎಂಬುದರಲ್ಲಿ ನಮ್ಮೊಳಗೇ ಭಿನ್ನಾಭಿಪ್ರಾಯವಿದ್ದೀತು. ಪಾಲು ಕೇಳುವುದು ಬೇರೆ, ಮನೆ ಒಡೆಯುವುದು ಬೇರೆ. ಗಟ್ಟಿಯಾಗಿ ಕೇಳಲು ಬರುವ ಮನೆ ಒಡೆಯುವ ಸಂಭವ ಕಡಿಮೆ.

ಸಂವಿಧಾನದ ೧೯ನೆಯ ವಿಧಿಯಲ್ಲಿ ಭಾರತದ ಪೌರನಿಗೆ ದೇಶದಲ್ಲಿ ಎಲ್ಲಿ ಬೇಕಾದರೂ ಸಂಚರಿಸುವ, ನೆಲೆಸುವ, ಉದ್ಯೋಗ ಮಾಡುವ ಹಕ್ಕುಗಳಿವೆ. ಊರಿನಲ್ಲಿಯೇ ಉಳಿದವರಿಗೆ ಇದು ಪುಸ್ತಕದ ಸಾಲು; ನಮಗೆ ಇದು ದಿನದ ಅನ್ನ. ಹಬ್ಬಕ್ಕೆ ಊರಿಗೆ ಹೊರಟಾಗ ರೈಲಿನಲ್ಲಿ ನಮ್ಮನ್ನು ಟಿಕೆಟ್ ಕೇಳುತ್ತಾರೆ, ಪಾಸ್‌ಪೋರ್ಟ್ ಕೇಳುವುದಿಲ್ಲ. ಈ ಊರಿನಲ್ಲಿ ಯಾರಾದರೂ ನಮ್ಮನ್ನು ಹೊರಗಿನವರೆಂದರೆ ಮೆಲ್ಲಗೆ ತೋರಿಸಬೇಕಾದ ಕಾಗದ ಇದೇ. ಹಾಗೆಯೇ ನಮ್ಮ ಊರಿಗೆ ದುಡಿಯಲು ಬಂದ ಹೊರಗಿನವನನ್ನು ಕಂಡಾಗ ನಾವು ನೆನೆಯಬೇಕಾದ ಕಾಗದವೂ ಇದೇ. ಬಿಯಾಫ್ರಾದ ಕಥೆ ಮೊದಲಾದದ್ದು ಗಡಿಯಲ್ಲಿ ಅಲ್ಲ, ಹೊರಗಿನಿಂದ ಬಂದ ಗುಮಾಸ್ತರ ಕೇರಿಯಲ್ಲಿ.

ನಕ್ಷೆಯ ಪುಸ್ತಕ ನಮ್ಮ ಕಪಾಟಿನಲ್ಲಿದೆ. ಬಿಡುವಾದಾಗ ತೆಗೆದು ಸಿಂಗಪುರದ ಸೇತುದಾರಿಯನ್ನೂ, ನೈಜೀರಿಯಾದ ಪೋರ್ಟ್ ಹಾರ್ಕೋರ್ಟನ್ನೂ, ಸಮುದ್ರವಿಲ್ಲದ ದಕ್ಷಿಣ ಸುಡಾನನ್ನೂ ಬೆರಳಿಟ್ಟು ನೋಡಿರಿ. ಆಮೇಲೆ ಬೇಕಾದಷ್ಟು ವಾದಿಸೋಣ.